ಬರ್ಕೊಳ್ಳಿ ಮೇಷ್ಟ್ರು ಕಂದು ಉಂಗುರ ಕಂಡದ್ದು

ನಮ್ಮ ಶಾಲೆಯ ಸೈನ್ಸ್ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ‘ಬರ್ಕೊಳ್ಳಿ ಮೇಷ್ಟ್ರು’. ಇಪ್ಪತ್ತೆರಡು ವರ್ಷ ಅವರು ದೊಡ್ಡ ತರಗತಿಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡನ್ನೂ ಕಲಿಸಿದ್ದರು. ಅಷ್ಟೂ ವರ್ಷ ಒಂದೇ ಒಂದು ಪ್ರಯೋಗವನ್ನೂ ಕೈಯಾರೆ ಮಾಡಿರಲಿಲ್ಲ. ಶಾಲೆ ಶುರುವಾದ ಎರಡನೆಯ ವಾರ ಕುರ್ಚಿಯಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚಿ ‘ಬರ್ಕೊಳ್ಳಿ’ ಎಂದರೆ ಮುಗಿಯಿತು. ಹದಿನಾರು ಪ್ರಯೋಗಗಳು, ಅವುಗಳ ಕೋಷ್ಟಕ, ಅಳತೆ, ಫಲಿತಾಂಶ, ಮುನ್ನೆಚ್ಚರಿಕೆ ಎಲ್ಲವೂ ಪುಸ್ತಕ ನೋಡದೆ ಹೊರಬೀಳುತ್ತಿದ್ದವು. ಮುನ್ನೆಚ್ಚರಿಕೆ ಹೇಳುವಾಗ ಮಾತ್ರ ದನಿ ಸ್ವಲ್ಪ ನಡುಗುತ್ತಿತ್ತು. ನಾನು ಪಕ್ಕದ ಕೋಣೆಯಲ್ಲಿ ಇತಿಹಾಸ ಹೇಳಿಕೊಡುತ್ತಿದ್ದವಳು. ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ. ಹಾಗಾಗಿ ಆ ಹದಿನಾರೂ ಪ್ರಯೋಗಗಳು ನನಗೂ ಬಾಯಿಪಾಠ.

ಮೇಷ್ಟ್ರು ಸೋಮಾರಿಯಲ್ಲ. ಅವರಿಗೆ ಇದ್ದದ್ದು ಭಯ. ಅವರು ಓದುವಾಗ ಕೊನೆಯ ವರ್ಷದ ಪರೀಕ್ಷೆಯಲ್ಲಿ ಪ್ರನಾಳ ಕಾಯಿಸುತ್ತಿದ್ದರಂತೆ. ಅದರ ಬಾಯಿ ಯಾರ ಕಡೆಗಿದೆ ಎಂದು ನೋಡಿಕೊಳ್ಳಲಿಲ್ಲ. ಒಳಗಿದ್ದದ್ದು ಕುದಿದು ಚಿಮ್ಮಿ, ಪರೀಕ್ಷಕರ ಹೊಸ ಟೈ ಮೇಲೆ ಹಸಿರು ಬಣ್ಣದಲ್ಲಿ ಕೂತಿತು. ‘ಇವನನ್ನ ಫೇಲ್ ಮಾಡಿದ್ರೆ ಮುಂದಿನ ವರ್ಷ ಮತ್ತೆ ಬರ್ತಾನಲ್ರೀ’ ಎಂದು ಆ ಮಹಾನುಭಾವರು ಪಾಸು ಮಾಡಿ ಕಳಿಸಿದರು. ಅಂದಿನಿಂದ ಮೇಷ್ಟ್ರು ಬರ್ನರ್ ಕಂಡರೆ ಎರಡು ಹೆಜ್ಜೆ ಹಿಂದೆ.

ಹಾಗೆಂದು ಶಾಲೆಗೆ ಲ್ಯಾಬು ಇಲ್ಲದಿರಲಿಲ್ಲ. ಕೆಳಗಿನ ಮೊಗಸಾಲೆಯ ತುದಿಯಲ್ಲಿ ಉದ್ದನೆಯ ಕೋಣೆ, ಎರಡು ಕಲ್ಲಿನ ಮೇಜು, ಮೂರು ನಲ್ಲಿ. ಅದರಲ್ಲಿ ಒಂದು ಸದಾ ತೊಟ್ಟಿಕ್ಕುವುದು. ಬೀಗದ ಕೈ ಅಟೆಂಡರ್ ಹೆಂಗಸಿನ ಸೊಂಟದಲ್ಲಿ. ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಲ್ಯಾಬಕ್ಕ ಎಂದೇ. ಹಿಂದಿನ ಮೇಷ್ಟ್ರ ಕಾಲದಲ್ಲಿ ದಿನಕ್ಕೆ ನೂರು ಪ್ರನಾಳ ತೊಳೆದವರು. ಈ ಮೇಷ್ಟ್ರು ಬಂದ ಮೇಲೆ ಅವರ ಕೆಲಸ ಶನಿವಾರ ಶನಿವಾರ ಧೂಳು ಒರೆಸುವುದು, ಬೇಸರವಾದರೆ ಮತ್ತೆ ಒರೆಸುವುದು.

ಆ ವರ್ಷ ಹೊಸದಾಗಿ ಸೇರಿದ ಒಬ್ಬಳು ಹುಡುಗಿ ಎಲ್ಲ ಮೇಷ್ಟ್ರುಗಳ ಪ್ರಾಣ ತಿನ್ನುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ನಾವು ಅವಳಿಗಿಟ್ಟ ಹೆಸರು ‘ಪ್ರಶ್ನೆಪತ್ರಿಕೆ’. ಮೇಷ್ಟ್ರು ಕಣ್ಣು ಮುಚ್ಚಿ, “ಬರ್ಕೊಳ್ಳಿ. ನೈಟ್ರೇಟ್ ದ್ರಾವಣಕ್ಕೆ ಫೆರಸ್ ಸಲ್ಫೇಟ್ ದ್ರಾವಣ ಸೇರಿಸಿ, ಪ್ರನಾಳದ ಪಕ್ಕದಿಂದ ಆಸಿಡ್ ನಿಧಾನವಾಗಿ ಇಳಿಸಿದಾಗ ಕಂದು ಉಂಗುರ ಕಾಣುತ್ತದೆ” ಎನ್ನುವುದಕ್ಕೂ ಅವಳು ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

“ಸರ್, ಉಂಗುರ ಎಷ್ಟು ದಪ್ಪ ಇರುತ್ತೆ?”

“ಉಂಗುರದಷ್ಟು ಇರುತ್ತೆ. ಕೂತ್ಕೋಮ್ಮ.”

“ಯಾರ ಉಂಗುರದಷ್ಟು ಸರ್?”

ತರಗತಿ ಗೊಳ್ಳೆಂದಿತು. ಹಲಗೆಯ ಈಚೆ ನನ್ನ ಮಕ್ಕಳೂ ನಕ್ಕರು. ನಗು ನಿಂತ ಮೇಲೆ ಅವಳು ಮತ್ತೆ ಕೇಳಿದಳು. ಕುಚೋದ್ಯದ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದ.

“ನೀವು ನೋಡಿದೀರಲ್ಲ ಸರ್, ಅಂದಾಜು ಹೇಳಿ ಸಾಕು.”

ಸುಳ್ಳು ಹೇಳುವುದು ಮೇಷ್ಟ್ರಿಗೆ ಕಷ್ಟವೇನಿರಲಿಲ್ಲ. ಹದಿನಾರು ಪ್ರಯೋಗದಷ್ಟು ಹೇಳಿದ್ದರು. ಆದರೆ ಆವತ್ತು ನಾಲಿಗೆ ಏಳಲಿಲ್ಲ. “ನಾಳೆ ಹೇಳ್ತೀನಿ” ಎಂದು ಕನ್ನಡಕ ಮೂಗಿಗಿಳಿಸಿದರು.

ಊಟದ ಬಿಡುವಿನಲ್ಲಿ ಅವರು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದನ್ನು ನಾನೇ ಕಂಡೆ. ಕುತೂಹಲ ತಡೆಯಲಾಗದೆ ಡಬ್ಬಿ ಹಿಡಿದುಕೊಂಡೇ ಹಿಂದೆ ಹೋದೆ.

“ದಾರಿ ತಪ್ಪಿ ಬಂದ್ರಾ ಮೇಷ್ಟ್ರೇ?” ಎಂದರು ಲ್ಯಾಬಕ್ಕ.

“ಕಂದು ಉಂಗುರ ನೋಡ್ಬೇಕಿತ್ತು.”

ಲ್ಯಾಬಕ್ಕ ಸೊಂಟದಿಂದ ಬೀಗದ ಕೈ ಎಳೆದು ಬೀಗ ತೆಗೆದರು. ಬಾಟಲಿಗಳನ್ನು ಮೇಜಿನ ಮೇಲಿಟ್ಟರು. ಮೇಷ್ಟ್ರು ಅಳತೆ ಮಾಡಿ ಹಾಕಿದರು, ಆಸಿಡ್ಡನ್ನು ತೊಟ್ಟು ತೊಟ್ಟಾಗಿ ಇಳಿಸಿದರು, ಕಾದರು. ಏನೂ ಕಾಣಲಿಲ್ಲ.

“ಆ ಫೆರಸ್ಸು ಹಿಂದಿನ ಮೇಷ್ಟ್ರು ಕಲಸಿಟ್ಟು ಹೋದದ್ದು,” ಎಂದರು ಲ್ಯಾಬಕ್ಕ. “ಅದನ್ನ ಆಗಿಂದಾಗ ಕಲಸ್ಕೋಬೇಕು.”

“ಮೊದ್ಲೇ ಹೇಳೋದಲ್ವಾ?”

“ನೀವು ಕೇಳ್ಲಿಲ್ಲ.”

ಹೊಸದಾಗಿ ಕಲಸಿದರು. ಈ ಸಲ ಏನೋ ಕಂದಾಗಿ ಇಣುಕಿತು. ಮೇಷ್ಟ್ರು ಸಂಭ್ರಮದಲ್ಲಿ “ಬಂತು, ಬಂತು!” ಎಂದು ಪ್ರನಾಳ ಎತ್ತಿ ಅಲ್ಲಾಡಿಸಿದರು. ಅಷ್ಟೂ ಕದಡಿ ಚಹಾದ ಬಣ್ಣಕ್ಕೆ ತಿರುಗಿತು.

“ಅಲ್ಲಾಡಿಸಬಾರದು ಅಂತ ಮಕ್ಕಳಿಗೆ ನೀವೇ ಬರೆಸಿದೀರಲ್ಲ,” ಎಂದೆ ನಾನು.

“ಬರೆಸಿದೀನಿ,” ಎಂದರು ಮೇಷ್ಟ್ರು, ಹುಳ್ಳಗೆ ನಕ್ಕು. “ಐದನೇ ಮುನ್ನೆಚ್ಚರಿಕೆ.”

ಮೂರನೆಯ ಸಲ ಲ್ಯಾಬಕ್ಕ ಅವರ ಮಣಿಕಟ್ಟು ಹಿಡಿದುಕೊಂಡೇ ಸುರಿಸಿದರು. ಆಸಿಡ್ಡು ಗಾಜಿನ ಒಳಮೈ ಹಿಡಿದು ತಣ್ಣಗೆ ತಳಕ್ಕಿಳಿಯಿತು. ಎರಡು ದ್ರವಗಳ ನಡುವೆ, ಯಾರೋ ಸೂಜಿಯಲ್ಲಿ ಗೆರೆ ಎಳೆದಂತೆ, ಒಂದು ಕಂದು ಬಳೆ ಮೂಡಿತು. ಮೇಷ್ಟ್ರು ಉಸಿರು ಬಿಗಿಹಿಡಿದು, ಸ್ಕೇಲು ಪಕ್ಕಕ್ಕಿಟ್ಟು ಬಗ್ಗಿ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತರು. ಕಣ್ಣು ಒದ್ದೆಯಾಗಿತ್ತು. ಹೊಗೆಯಿಂದ ಎಂದು ಅವರು ಹೇಳಿದರು. ಹೊಗೆ ನನಗೇನೂ ಕಾಣಲಿಲ್ಲ.

ನಾಳೆಯವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಮಧ್ಯಾಹ್ನ ಆ ಮಕ್ಕಳಿಗೆ ನನ್ನ ಇತಿಹಾಸದ ಪಾಠ. ಒಂದು ಸಾಮ್ರಾಜ್ಯ ಇನ್ನೇನು ಮುಳುಗಬೇಕು, ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು.

“ಎರಡು ಮಿಲಿಮೀಟರ್!” ಎಂದರು ಮೇಷ್ಟ್ರು, ಏದುಸಿರು ಬಿಡುತ್ತಾ. “ಒಂದು ಕಡೆ ಮೂರು. ಬರ್ಕೊಳ್ಳಬೇಡಿ! ನಾಳೆ ಬಂದು ನೋಡಿ.”

ಮರುದಿನದಿಂದ ಲ್ಯಾಬು ತೆರೆಯಿತು. ಬರ್ನರ್ ಹಚ್ಚುವುದನ್ನು ಮೇಷ್ಟ್ರು ಮಕ್ಕಳ ಎದುರಿಗೇ ಲ್ಯಾಬಕ್ಕನಿಂದ ಕಲಿತರು. ಮೊದಲು ಕಡ್ಡಿ, ಆಮೇಲೆ ಗ್ಯಾಸು. ಪ್ರನಾಳದ ಬಾಯಿ ಸದಾ ಗೋಡೆಯ ಕಡೆಗೆ.

ರಸಾಯನಶಾಸ್ತ್ರ ಹೀಗೆ ದಾರಿಗೆ ಬಂತು. ತಲೆ ತಿಂದದ್ದು ಲೋಲಕ. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ, ಇಪ್ಪತ್ತು ತೂಗಾಟಕ್ಕೆ ಎಷ್ಟು ಹೊತ್ತಾಯಿತೆಂದು ನೋಡಿದರೆ ಭೂಮಿಯ ಸೆಳೆತ ಎಷ್ಟೆಂದು ಲೆಕ್ಕ ಸಿಗುತ್ತದೆ. ಸಿಗಬೇಕಾದದ್ದು ಒಂಬತ್ತು ಪಾಯಿಂಟ್ ಎಂಟು. ಇಪ್ಪತ್ತೆರಡು ವರ್ಷ ಎಲ್ಲರ ರೆಕಾರ್ಡಿನಲ್ಲೂ ಅದೇ ಇತ್ತು. ಈಗ ಒಬ್ಬ ಹುಡುಗನಿಗೆ ಮೂವತ್ತೊಂಬತ್ತು ಬಂತು. ಅವನು ಗುಂಡು ಹೋದದ್ದನ್ನೊಂದು, ಬಂದದ್ದನ್ನೊಂದು ಎಂದು ಎಣಿಸಿದ್ದ.

“ಮೂವತ್ತೊಂಬತ್ತಿದ್ರೆ ನೀನು ಬೆಂಚಿಂದ ಏಳೋಕೂ ಆಗ್ತಿರಲಿಲ್ಲ ಕಣಪ್ಪ,” ಎಂದರು ಮೇಷ್ಟ್ರು.

“ಬೆಳಿಗ್ಗೆ ಹಾಗೇ ಅನ್ಸುತ್ತೆ ಸರ್.”

ಆದರೆ ಮೇಷ್ಟ್ರಿಗೇ ಎಷ್ಟು ಸಲ ಮಾಡಿದರೂ ಒಂಬತ್ತು ಪಾಯಿಂಟ್ ಮೂರರ ಮೇಲೆ ಏರಲಿಲ್ಲ. ವಾಚು ಬದಲಾಯಿಸಿದರು, ದಾರ ಬದಲಾಯಿಸಿದರು, ಊಟ ಸೇರಲಿಲ್ಲ. ಕೊನೆಗೆ ಭಾನುವಾರ ಹೆಂಡತಿಯ ಹೊಲಿಗೆ ಅಂಗಡಿಯ ಬಾಗಿಲಿಗೇ ಗುಂಡು ನೇತುಹಾಕಿದರು. ಬಂದ ಗಿರಾಕಿಗಳು ಅದು ಆಚೆ ಹೋದಾಗ ನುಸುಳಿ ಒಳಗೆ ಬರಬೇಕಿತ್ತು. ಆಕೆ ಒಂದು ಗಂಟೆ ಸಹಿಸಿಕೊಂಡರು. ಆಮೇಲೆ ಕೊರಳಲ್ಲಿದ್ದ ಟೇಪು ತೆಗೆದು ಹತ್ತಿರ ಬಂದರು.

“ರೀ, ಎಲ್ಲಿಂದ ಎಲ್ಲಿಗೆ ಅಳೀತಿದೀರಿ?”

“ಮೇಲಿನ ಮೊಳೆಯಿಂದ ದಾರದ ತುದಿವರೆಗೆ.”

“ಅಂದ್ರೆ ಗುಂಡಿನ ತಲೆವರೆಗೆ. ಹೊಟ್ಟೆ ಯಾರು ಅಳೀಬೇಕು? ನಿಮಗೆ ಹೊಟ್ಟೆ ಬಿಟ್ಟು ಅಳತೆ ತಗೊಂಡು ಶರ್ಟು ಹೊಲಿದ್ರೆ ಗುಂಡಿ ಹಾಕ್ಕೊಳ್ಳೋಕಾಗುತ್ತಾ?”

ಮೇಷ್ಟ್ರು ಗುಂಡು ನೋಡಿದರು, ತಮ್ಮ ಹೊಟ್ಟೆ ನೋಡಿಕೊಂಡರು. ‘ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯಬೇಕು’. ಇಪ್ಪತ್ತೆರಡು ಸಲ ತಾವೇ ಬರೆಸಿದ್ದ ವಾಕ್ಯ. ಮತ್ತೆ ಅಳೆದರು. ಒಂಬತ್ತು ಪಾಯಿಂಟ್ ಏಳು ಬಂತು. ಅಂಗಡಿಯಲ್ಲಿದ್ದ ಗಿರಾಕಿಯ ಕೈಯನ್ನು ಹಿಡಿದು ಕುಲುಕಿಬಿಟ್ಟರು. ಆತ ಪ್ಯಾಂಟು ಗಿಡ್ಡವಾಯಿತೆಂದು ಜಗಳಕ್ಕೆ ಬಂದಿದ್ದವನು, ಬಂದ ಕಾರಣ ಮರೆತು ಹೊರಟುಹೋದ.

ವರ್ಷದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಶಾಲೆಯಿಂದ ಪರೀಕ್ಷಕರು ಬಂದರು. ಇಸ್ತ್ರಿಯ ಮಡಿಕೆ ಮುರಿಯದ ಮನುಷ್ಯ. ಮೇಲ್ವಿಚಾರಣೆಗೆ ನನ್ನನ್ನು ಹಾಕಿದ್ದರು. ಅವರು ಉತ್ತರಪತ್ರಿಕೆ ತಿರುವುತ್ತಾ ಹೋದಂತೆ ಹುಬ್ಬು ಗಂಟಿಕ್ಕುತ್ತಾ ಬಂತು. ಒಂಬತ್ತು ಪಾಯಿಂಟ್ ಐದು, ಹತ್ತು ಪಾಯಿಂಟ್ ಒಂದು, ಒಂಬತ್ತು ಪಾಯಿಂಟ್ ಒಂಬತ್ತು.

“ಏನ್ ಮೇಷ್ಟ್ರೇ ಇದು? ನಾನು ಹೋದಲ್ಲೆಲ್ಲ ಒಂಬತ್ತು ಪಾಯಿಂಟ್ ಎಂಟೇ ಬರುತ್ತೆ. ನಿಮ್ಮ ಶಾಲೇಲಿ ಬೇರೆ ಭೂಮಿ ಇಟ್ಕೊಂಡಿದೀರಾ?”

ಮೇಷ್ಟ್ರ ಮುಖ ಕೆಂಪಾಯಿತು. “ಅವರ ಕೈಗೆ ಬಂದದ್ದನ್ನ ಬರೆದಿದಾರೆ ಸರ್. ಬೇಕಾದ್ರೆ ನೀವೇ ಒಂದ್ಸಲ ಮಾಡಿ ನೋಡಿ.”

ಇಡೀ ಲ್ಯಾಬು ಇತ್ತ ತಿರುಗಿತು. ಪರೀಕ್ಷಕರಿಗೆ ಹಿಂದೆ ಸರಿಯಲು ಮರ್ಯಾದೆ ಅಡ್ಡ ಬಂತು. ತೋಳು ಮಡಿಸಿ, ಗುಂಡು ಎಳೆದು ಬಿಟ್ಟು, ವಾಚು ಒತ್ತಿ ಎಣಿಸತೊಡಗಿದರು. ಹದಿಮೂರು, ಹದಿನಾಲ್ಕು, ಹದಿನೈದು ಆಯಿತು. ಆಗ ನಮ್ಮ ಹೆಡ್‌ಮಿಸ್ಸು ಒಳಗೆ ತಲೆಹಾಕಿ ಕೇಳಿದರು:

“ಸರ್, ಚಹಾಕ್ಕೆ ಸಕ್ಕರೆ ಎಷ್ಟು?”

“ಎರಡು,” ಎಂದರು ಪರೀಕ್ಷಕರು. “ಹದಿಮೂರು, ಹದಿನಾಲ್ಕು...”

ಯಾರೂ ನಗಲಿಲ್ಲ. ನಗು ತಡೆದುಕೊಂಡ ಕಷ್ಟ ನಮಗೇ ಗೊತ್ತು. ಇಪ್ಪತ್ತು ಮುಗಿಸಿ, ಲೆಕ್ಕ ಹಾಕಿ, ಅವರು ಹಾಳೆಯನ್ನು ನೋಡುತ್ತಲೇ ನಿಂತರು.

“ಎಷ್ಟು ಬಂತು ಸರ್?” ಎಂದಳು ನಮ್ಮ ‘ಪ್ರಶ್ನೆಪತ್ರಿಕೆ’ ಹುಡುಗಿ.

“ಆರು ಪಾಯಿಂಟ್ ಎಂಟು.”

“ಪಾಯಿಂಟ್ ಎಂಟು ಸರಿಯಾಗೇ ಬಂದಿದೆ,” ಎಂದರು ಲ್ಯಾಬಕ್ಕ, ಸಮಾಧಾನಕ್ಕೆ.

ಮೊದಲು ನಕ್ಕದ್ದು ಪರೀಕ್ಷಕರೇ. ಆಮೇಲೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಮುಗಿದ ಮೇಲೆ ಅವರು ಸ್ಟೂಲು ಎಳೆದು ಕೂತು, ಉತ್ತರ ಬಿಟ್ಟು ಮಕ್ಕಳ ಕೈ ನೋಡತೊಡಗಿದರು. ಯಾರು ಹೇಗೆ ಅಳೆದರು, ತಪ್ಪಿದ್ದು ಎಲ್ಲಿ, ಅದು ಗೊತ್ತಾಯಿತೇ ಎಂದು ಒಬ್ಬೊಬ್ಬರನ್ನೂ ಕೇಳಿದರು. ಸಂಜೆ ಐದರವರೆಗೂ ಇದ್ದರು.

ಅಂಕಗಳು ಬಂದಾಗ ಹೆಡ್‌ಮಿಸ್ಸು ತಲೆಯ ಮೇಲೆ ಕೈಹೊತ್ತರು. ಪ್ರತಿ ವರ್ಷ ಎಲ್ಲರಿಗೂ ಮೂವತ್ತಕ್ಕೆ ಮೂವತ್ತು ಬರುತ್ತಿತ್ತು. ಈ ಸಲ ಇಪ್ಪತ್ತಾರು, ಇಪ್ಪತ್ತೇಳು.

“ಪ್ರಯೋಗ ಮಾಡಿಸಿದ್ದಕ್ಕೆ ಅಂಕ ಕಮ್ಮಿ ಆಯ್ತಲ್ಲ ಮೇಷ್ಟ್ರೇ!”

“ಹೌದು ಮೇಡಂ. ಮೊದ್ಲು ಬರ್ತಿದ್ದದ್ದು ನನ್ನ ಅಂಕ. ಇದು ಅವರದು.”

ಹೆಡ್‌ಮಿಸ್ಸು ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ಲ್ಯಾಬಿಗೆ ವಾರಕ್ಕೆ ನಾಲ್ಕು ಪೀರಿಯಡ್ ಕೊಟ್ಟರು. ಅದರಲ್ಲಿ ಒಂದು ನನ್ನ ಇತಿಹಾಸದ್ದು.

ರಜೆ ಮುಗಿದ ಮೇಲೆ ಪರೀಕ್ಷಕರಿಂದ ಒಂದು ಕಾಗದ ಬಂತು. ಮನೆಯಲ್ಲಿ ಫ್ಯಾನು ಆರಿಸಿ, ಕದ ಹಾಕಿಕೊಂಡು ಲೋಲಕ ತೂಗಿಸಿದೆ, ಒಂಬತ್ತು ಪಾಯಿಂಟ್ ಒಂಬತ್ತು ಬಂತು ಎಂದು ಬರೆದಿದ್ದರು. ಮೇಷ್ಟ್ರು ಅದನ್ನು ಹೆಮ್ಮೆಯಿಂದ ತರಗತಿಯಲ್ಲಿ ಓದಿ ಹೇಳಿದರು. ಹಲಗೆಯ ಆಚೆಯಿಂದ ಗುರುತಿನ ದನಿಯೊಂದು ಕೇಳಿತು.

“ಎಷ್ಟು ಸಲ ಮಾಡಿದ್ರಂತೆ ಸರ್?”

ಕಾಗದ ಮತ್ತೆ ಬಿಚ್ಚಿದ ಸದ್ದು.

“ಒಂದೇ ಸಲ ಅನ್ಸುತ್ತಮ್ಮ.”

“ಹಾಗಿದ್ರೆ ಇನ್ನೆರಡು ಸಲ ಮಾಡಿ ಸರಾಸರಿ ತಗೊಳ್ಳೋಕೆ ಬರೀರಿ ಸರ್.”

ಮೇಷ್ಟ್ರು ಆವತ್ತೇ ಬರೆದು ಹಾಕಿದರು.