ಹಿಂದಿನ ದಿನದ ಪಾಠ

ಬಿ.ಎಡ್. ಓದುವಾಗ ಅಭ್ಯಾಸ ಬೋಧನೆಗೆ ನಮ್ಮನ್ನು ಯಳಂದೂರಿನ ಒಂದು ಪ್ರೌಢಶಾಲೆಗೆ ಹಾಕಿದ್ದರು. ಅಂತಿಮ ಪಾಠದ ದಿನ ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಬಂದು ಕೂರುತ್ತಾರೆಂದರೆ ಎಲ್ಲರಿಗೂ ಹೆದರಿಕೆ. ಒತ್ತಡ ಕಡಿಮೆಯಾಗಲೆಂದು ಕಾಲೇಜಿನಲ್ಲಿ ದೀರ್ಘವಾಗಿ ಉಸಿರಾಡಲು ಹೇಳಿಕೊಟ್ಟಿದ್ದರು. ನಾವು ನಂಬಿದ್ದು ಬೇರೆ ಉಪಾಯವನ್ನು: ಅದೇ ಪಾಠವನ್ನು ಅದೇ ಮಕ್ಕಳಿಗೆ ಹಿಂದಿನ ದಿನವೇ ಮಾಡಿಬಿಡುವುದು. ಆಮೇಲೆ, “ನಾಳೆ ಏನೂ ಗೊತ್ತಿಲ್ಲದವ್ರ ಥರ ಕೂತ್ಕಳಿ” ಎಂದು ತಾಕೀತು ಮಾಡುವುದು.

ನನ್ನ ಗೆಳೆಯ ಕೊಳ್ಳೇಗಾಲದ ರೇಷ್ಮೆ ನೇಯುವ ಮನೆಯವನು. ತನ್ನ ರೇಷ್ಮೆ ಪಾಠದ ಹಿಂದಿನ ದಿನ ಅವನು ಫ್ಲಾಸ್ಕಿನಲ್ಲಿ ಬಿಸಿನೀರು, ಡಬ್ಬಿಯಲ್ಲಿ ಬೇಯಿಸಿದ ರೇಷ್ಮೆಗೂಡು ತಂದಿದ್ದ. ನಾನು ಹಿಂದೆ ಕೂತು ನೋಡುತ್ತಿದ್ದೆ. ನೆನೆದ ಗೂಡಿನಿಂದ ಎಳೆಯ ತುದಿ ಹುಡುಕಿ ಒಬ್ಬ ಹುಡುಗಿಯ ಕೈಗೆ ಕೊಟ್ಟ. ಅವಳು ನಡೆದಳು. ಎಳೆ ಬೆಂಚುಗಳನ್ನು ಸುತ್ತಿ, ಬಾಗಿಲು ದಾಟಿ ಜಗಲಿಗೆ ಹೋಯಿತು. ಉಸಿರು ಬಿಟ್ಟರೆ ಎಲ್ಲಿ ಹರಿದೀತೋ ಎಂಬಂತೆ ಮಕ್ಕಳು ಕೂತಿದ್ದರು. ಹಾಗೆಂದು ನನ್ನ ನೆನಪು. ಅಷ್ಟು ಸಣ್ಣ ಎಳೆ ಹಿಂದಿನ ಬೆಂಚಿಗೆ ಕಂಡೀತೇ ಎಂಬ ಅನುಮಾನ ಈಗಲೂ ಇದೆ.

ಆ ಖುಷಿಯಲ್ಲಿ ಅವನು ತಾಕೀತು ಮಾಡುವುದನ್ನೇ ಮರೆತ.

ಮಾರನೆಯ ದಿನ ಪರೀಕ್ಷಕರ ಎದುರು ಗೂಡನ್ನು ಎತ್ತಿ ಹಿಡಿದು, “ಇದರಲ್ಲಿ ಎಷ್ಟು ಉದ್ದದ ಎಳೆ ಇರಬಹುದು?” ಎಂದ.

“ಜಗ್ಲಿಗಂಟ ಬತ್ತದೆ ಸಾ,” ಎಂದಿತು ಇಡೀ ತರಗತಿ.

“ನೆನ್ನೆ ನಾನ್ ಇಡ್ಕಂಡಿದ್ದೆ, ಇವತ್ತು ಇವ್ಳಿಗ್ ಕೊಡಿ ಸಾ,” ಎಂದಳು ಅದೇ ಹುಡುಗಿ, ಪಕ್ಕದವಳನ್ನು ತೋರಿಸಿ.

ಪರೀಕ್ಷಕರು ನಕ್ಕರು. ಕೆಟ್ಟ ನಗೆಯೇನಲ್ಲ. ಆದರೆ ಅವನು ಅವಸರದಲ್ಲಿ ಎಳೆದ ಎಳೆ ತುದಿಯಲ್ಲೇ ತುಂಡಾಯಿತು. ಪಾಠ ಅಲ್ಲಿಗೇ ನಿಂತಿತು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ, “ನಂಗ್ ಈ ಕೆಲ್ಸ ಒಗ್ಗಕಿಲ್ಲ ಕಣ್ಲಾ,” ಎಂದ.

“ಟೆನ್ಷನ್ ಮಾಡ್ಕಬ್ಯಾಡ, ಉಸ್ರು ಎಳ್ಕ,” ಎಂದೆ. ನಿನ್ನೆಯ ಪಾಠದ ಮಾತೆತ್ತಲಿಲ್ಲ. ಅವನು ಮಗ್ಗಕ್ಕೆ ಮರಳಿದ. ನನ್ನ ಪಾಠಕ್ಕೆ ತಾಕೀತು ಮಾಡಲು ಮರೆಯದಿದ್ದ ನಾನು ಹನೂರಿನಲ್ಲಿ ಮೇಷ್ಟ್ರಾದೆ.

ಕಳೆದ ತಿಂಗಳು ಅವನ ಮನೆಗೆ ಹೋಗಿದ್ದೆ. ಅಂಥ ಪಾಠವನ್ನು ಆಮೇಲೆ ನಾನು ಎಲ್ಲೂ ನೋಡಲಿಲ್ಲ ಎಂದೆ. ಅವನು ಮಗ್ಗ ನಿಲ್ಲಿಸಿದ.

“ಯಾವ್ದುಲಾ?”

“ಹಿಂದಿನ್ ದಿನದ್ದು. ಎಳೆ ಜಗ್ಲಿಗಂಟ ಓಯ್ತಲ್ಲ.”

“ಅದು ನೆಪ್ಪಿಲ್ಲ ಕಣ್ಲಾ. ಅವ್ರು ನಕ್ಕಿದ್ದೊಂದೇ ನೆಪ್ಪು.”

ಮಗ್ಗದ ಲಾಳಿ ಮತ್ತೆ ಓಡತೊಡಗಿತು. ಆ ಪಾಠಕ್ಕೆ ಈಗ ಉಳಿದಿರುವ ಸಾಕ್ಷಿ ನಾನೊಬ್ಬ, ನನ್ನನ್ನೇ ನಾನು ಪೂರ್ತಿ ನಂಬದವನು. ಅದು ಎಷ್ಟು ಚೆನ್ನಾಗಿತ್ತೆಂದು ಬಸ್ ಸ್ಟ್ಯಾಂಡಿನಲ್ಲಿ ಅಂದೇ ಹೇಳಿದ್ದರೆ ಇಬ್ಬರಿಗಾದರೂ ನೆನಪಿರುತ್ತಿತ್ತು.