ನೀರಿನ ಬಣ್ಣದ ದೋಣಿ

ನಮ್ಮ ಭಾವ ದೋಣಿಗಳಿಗೆ ಬಣ್ಣ ಬಳಿಯುವವರು. ಮೂವತ್ತು ವರ್ಷದಲ್ಲಿ ಅವರು ಬಳಿದ ನೀಲಿಯನ್ನು ಒಟ್ಟು ಮಾಡಿದ್ದರೆ ಆಕಾಶಕ್ಕೆ ಎರಡು ಕೋಟು ಹೊಡೆದು, ಮಿಕ್ಕಿದ್ದರಲ್ಲಿ ನಮ್ಮ ಮನೆ ಕಿಟಕಿಗಳನ್ನೂ ಮುಗಿಸಬಹುದಿತ್ತು. ಬಣ್ಣ ಕಲಸಿದ ಕೋಲನ್ನು ಹೊಳೆಯ ಮೇಲೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವರು. ಕೋಲು ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ತಿಳಿಯಬಾರದು. ತಿಳಿದರೆ ಇನ್ನೊಂದು ಚಮಚ ಹಸಿರು.

"ದೋಣಿ ಅಂದ್ರೆ ಹೊಳೆ ಮಗು ಕಣೋ. ತಾಯಿ ಬಣ್ಣ ಬರ್ಬೇಡ್ವಾ?"

ಅವರ ಕೈಚಳಕವೆಲ್ಲ ಇಳಿದದ್ದು ಅಕ್ಕನ ಪುಟ್ಟ ದೋಣಿಗೆ. ಅಕ್ಕ ದಿನಾ ಅದರಲ್ಲಿ ತರಕಾರಿ ಹೇರಿಕೊಂಡು ಆಚೆ ದಡದ ಮಾರುಕಟ್ಟೆಗೆ ಹುಟ್ಟು ಹಾಕುತ್ತಿದ್ದಳು.

ಒಂದು ಬೆಳಿಗ್ಗೆ ಜನ ಸಾಗಿಸುವ ಲಾಂಚಿನಲ್ಲಿ ನಮಗೆ ಕೆಲಸ ಸಿಕ್ಕಿತು. ಮುಳುಗುವವರಿಗೆ ಎಸೆಯುವ ಟ್ಯೂಬುಗಳಿಗೆ ಕಿತ್ತಳೆ ಬಣ್ಣ. ಲಾಂಚ್ ಓಡುತ್ತಲೇ ಇತ್ತು, ಡಬ್ಬ ನನ್ನ ಕೈಯಲ್ಲಿತ್ತು.

"ಇದೂ ಒಂದು ಬಣ್ಣಾನಾ? ಜಗಳಗಂಟಿ ಕಿರುಚ್ದಂಗಿದೆ," ಎಂದು ಗೊಣಗುತ್ತಿದ್ದ ಭಾವ ನಡುಹೊಳೆಯಲ್ಲಿ ತಲೆ ಎತ್ತಿ ನಕ್ಕರು. "ಅಲ್ನೋಡೋ, ಟೊಮೆಟೊ ಒಂದೇ ನಡ್ಕೊಂಡು ಬರ್ತಿದೆ!"

ನಿಜ. ಕೆಂಪಗೆ ಒಂದು ಗುಡ್ಡೆ, ದೋಣಿಯಿಲ್ಲ, ದಿಕ್ಕಿಲ್ಲ, ನೀರಿನ ಮೇಲೆ ತಾನಾಗಿ ಬರುತ್ತಿತ್ತು. ಅದರ ಹಿಂದೆ ಒಂದು ತಲೆ, ಅಕ್ಕನದು.

ಭಾವನ ಕುಂಚ ಹೊಳೆಗೆ ಬಿತ್ತು. ಸೀನಿದರೆ ಆಚೆ ದಡದ ಮೀನು ಎಚ್ಚರಾಗುವಂಥ ಮನುಷ್ಯ, ಕೂಗುವುದು ಬಿಟ್ಟು ಎರಡೂ ಕೈ ಬೀಸತೊಡಗಿದರು. ನಾನೇ ಅರಚಿದೆ, "ದೋಣಿ! ದೋಣಿ!"

"ಎಲ್ಲಿ? ಯಾವ್ದು?" ಎಂದ ಡ್ರೈವರ್, ನೇರ ಅತ್ತಲೇ ನೋಡುತ್ತಾ. ಕಂಡದ್ದೇ ತಡ, ಎಂಜಿನ್ನನ್ನು ಹಿಂದಕ್ಕೆ ಎಳೆದ. ಲಾಂಚ್ ಹಲ್ಲು ಕಡಿದು ನಿಂತಿತು. ಎಷ್ಟು ಹತ್ತಿರವೆಂದರೆ, ಒಂದು ಟೊಮೆಟೊ ಟಿಕೆಟ್ಟಿಲ್ಲದೆ ಒಳಗೆ ಹತ್ತಿತು.

ಅಕ್ಕ ಎದ್ದು ನಿಂತಳು. "ಏನಯ್ಯಾ, ಮುಖದ ಮೇಲಿರೋದು ಕಣ್ಣಾ, ಅಂಗಿ ಗುಂಡೀನಾ?"

"ಅಕ್ಕಾ, ಆಣೆಗೂ ನೀರು ಬಿಟ್ರೆ ಏನೂ ಕಾಣ್ಲಿಲ್ಲ." ಡ್ರೈವರನ ತುಟಿ ಸುಣ್ಣವಾಗಿತ್ತು. "ಯಾವ ಪುಣ್ಯಾತ್ಮ ಬಳ್ದಿದ್ದು ಈ ಬಣ್ಣಾನ?"

ಮೂವತ್ತು ವರ್ಷದಿಂದ ಭಾವ ಕಾದಿದ್ದ ಹೊಗಳಿಕೆ ಅದು. ಅವರು ನನ್ನ ಕೈಯಿಂದ ಡಬ್ಬ ಕಿತ್ತುಕೊಂಡು, ಅಕ್ಕನ ದೋಣಿಗೆ ಇಳಿದರು. ಕುಂಚ ಹೊಳೆಪಾಲಾಗಿತ್ತಲ್ಲ, ಅಂಗೈಯಲ್ಲೇ ಮೆತ್ತತೊಡಗಿದರು. ತೋಳಿಗೆ ಒಂದು ಹನಿ ಸಿಡಿದರೆ ಊಟ ಬಿಡುತ್ತಿದ್ದವರು!

"ರೀ, ಟೊಮೆಟೊಗೆಲ್ಲ ಅಂಟುತ್ತೆ!"

"ಅಂಟ್ಲಿ. ನೀನು ಕೂತ್ಕೋ." ಆಮೇಲೆ ಡ್ರೈವರನತ್ತ ಕತ್ತೆತ್ತಿದರು. "ಈಗ?"

"ಕಾಣ್ತಿದೆ ಯಜಮಾನ್ರೇ."

"ಹಿಂದಕ್ಕೆ ಹೋಗಿ ನೋಡು."

ಲಾಂಚ್ ಹಿಂದೆ ಸರಿಯಿತು. "ಈಗ್ಲೂ ಕಾಣ್ತಿದೆ!"

"ಇನ್ನೂ ಹಿಂದಕ್ಕೆ!"

ಆವತ್ತು ನಾವೆಲ್ಲ ಹತ್ತಿದ ದಡಕ್ಕೇ ವಾಪಸ್ ಬಂದು ಇಳಿದೆವು. ಒಬ್ಬ ಪ್ರಯಾಣಿಕನೂ ಜಗಳಕ್ಕೆ ನಿಲ್ಲಲಿಲ್ಲ. ಎಲ್ಲರೂ ನಡುಹೊಳೆಯ ಆ ಕಿತ್ತಳೆ ಚುಕ್ಕಿಯನ್ನೇ ನೋಡುತ್ತಿದ್ದರು.