ಗಂಟೆಯಕ್ಕನ ಕೊನೆಯ ಸ್ಟಾಪು

ಊರೆಂದ ಮೇಲೆ ಜಗಳ ಇದ್ದದ್ದೇ, ಜಗಳವೆಂದ ಮೇಲೆ ನಡುವೆ ಒಂದು ಬೇಲಿ ಏಳುವುದೂ ಇದ್ದದ್ದೇ. ಆದರೆ ಓಡುತ್ತಿದ್ದ ಟ್ರಾಮಿನ ಹಳಿಗೆ ಅಡ್ಡಲಾಗಿ ಮುಳ್ಳುತಂತಿ ಎಳೆದು, ಈಚೆಗೆ ಒಂದು ದೇಶ, ಆಚೆಗೆ ಇನ್ನೊಂದು ದೇಶ ಅಂದುಬಿಟ್ಟರೆ ಪಾಪ, ಹಳಿ ಏನು ಮಾಡಬೇಕು? ಅದು ತಂತಿಯ ಅಡಿಯಲ್ಲಿ ನುಸುಳಿಕೊಂಡು ಮೊದಲಿನ ಹಾಗೆಯೇ ಆಚೆಗೆ ಹೋಗಿತ್ತು. ತುಕ್ಕು ಹಿಡಿದಿತ್ತು, ಅಷ್ಟೇ.

ಆ ಬೇಲಿಯವರೆಗೆ ಟ್ರಾಮ್ ಓಡಿಸುತ್ತಿದ್ದವಳು ಗಂಟೆಯಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆ ಹೆಸರು ಹಿಡಿದು ಕರೆಯುವವರು ಒಂದೋ ಮಣ್ಣಾಗಿದ್ದರು, ಇಲ್ಲವೇ ಬೇಲಿಯಾಚೆ ಉಳಿದಿದ್ದರು.

ಅವಳ ಅಪ್ಪನೂ ಟ್ರಾಮ್ ಓಡಿಸಿದವನೇ. ಯುದ್ಧ ಶುರುವಾಗಿ ಗಂಡಸರನ್ನೆಲ್ಲ ಗುಡಿಸಿದ ಹಾಗೆ ಕರೆದುಕೊಂಡು ಹೋದಾಗ ಡಿಪೋದಲ್ಲಿ ಗಾಡಿಗಳಿದ್ದವು, ಓಡಿಸುವವರಿರಲಿಲ್ಲ. ಇವಳು ಹೋಗಿ ಮೇಸ್ತ್ರಿಯ ಮುಂದೆ ನಿಂತಳು.

"ಹೆಂಗಸರು ಓಡಿಸಿದ್ರೆ ಗಾಡಿ ಹಳಿ ತಪ್ಪುತ್ತಮ್ಮ," ಅಂದ ಮೇಸ್ತ್ರಿ.

"ಗಂಡಸರು ಓಡಿಸಿದ ದೇಶಾನೇ ಹಳಿ ತಪ್ಪಿದೆಯಲ್ಲ ಸ್ವಾಮಿ, ಇದೇನು ಮಹಾ!"

ಮೇಸ್ತ್ರಿ ಮೀಸೆಯೊಳಗೇ ನಕ್ಕು ಗಾಡಿ ಕೊಟ್ಟ.

ಟ್ರಾಮ್ ಓಡಿಸುವವರ ಕಾಲಡಿಯಲ್ಲಿ ಹಿತ್ತಾಳೆಯದೊಂದು ಗುಂಡಿ ಇರುತ್ತದೆ. ಅದನ್ನು ಹಿಮ್ಮಡಿಯಿಂದ ತುಳಿದರೆ ಗಂಟೆ ಹೊಡೆಯುತ್ತದೆ. ಗುಂಡಿ ಒಂದೇ, ಆದರೆ ತುಳಿತ ಒಬ್ಬೊಬ್ಬರದು ಒಂದೊಂದು. ಗಂಟೆಯಕ್ಕನೂ ಅವಳ ತಂಗಿಯೂ ಚಿಕ್ಕವರಿದ್ದಾಗ ಕಿಟಕಿಯಲ್ಲಿ ಕೂತು, ಗಾಡಿ ಕಣ್ಣಿಗೆ ಬೀಳುವ ಮೊದಲೇ "ಇದು ಕುಂಟುಮಾಮಂದು, ಇದು ಅಪ್ಪಂದು" ಎಂದು ಹೇಳುತ್ತಿದ್ದರು. ಅಪ್ಪನ ಗಂಟೆ ಕೇಳಿದ ಮೇಲೆಯೇ ಅಮ್ಮ ಒಲೆಯ ಮೇಲೆ ಸಾರು ಬಿಸಿಗಿಡುತ್ತಿದ್ದದ್ದು. ಗಂಟೆಯಕ್ಕನದು ಎರಡು ಗಿಡ್ಡ, ಒಂದು ಉದ್ದ, ಆಮೇಲೆ ಏನೋ ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡಂತೆ ಅರ್ಧಕ್ಕೇ ನಿಲ್ಲುವ ಇನ್ನೊಂದು.

ಯುದ್ಧ ಮುಗಿಯಿತು. ದೊಡ್ಡವರು ನಕಾಶೆ ಹರಡಿಕೊಂಡು ಗೆರೆ ಎಳೆದರು. ಆ ಗೆರೆ ಅಕ್ಕನ ಮನೆಗೂ ತಂಗಿಯ ಮನೆಗೂ ನಡುವೆ ಹಾದುಹೋಯಿತು. ಕಾಗದ ನಿಂತಿತು, ಫೋನಿನ ತಂತಿ ಕತ್ತರಿಸಿದರು, ಬೇಲಿಯ ಹತ್ತಿರ ಕಾಲ್ನಡಿಗೆಯಲ್ಲಿ ಯಾರೂ ಹೋಗಕೂಡದು ಅಂದರು. ಸಂತೆಬೀದಿಯಲ್ಲಿ ಜನ ಇಳಿದ ಮೇಲೆ ಖಾಲಿ ಗಾಡಿ ಮಾತ್ರ ಬೇಲಿಯವರೆಗೆ ಹೋಗಿ, ಸುತ್ತು ಹಾಕಿ ತಿರುಗಬೇಕು. ಅದರಲ್ಲಿ ಓಡಿಸುವವರ ಹೊರತು ನರಪಿಳ್ಳೆಯೂ ಇರಬಾರದು.

ಆ ತಿರುವಿನಲ್ಲಿ ಗಂಟೆಯಕ್ಕ ಗುಂಡಿ ತುಳಿಯುತ್ತಿದ್ದಳು. ಬೇಲಿಯಾಚೆ, ಬಯಲು ದಾಟಿ, ಹಂಚಿನ ಮನೆಯೊಂದರ ಮೇಲಂತಸ್ತಿನ ಕಿಟಕಿ ತೆರೆದು ಯಾರೋ ಬಿಳಿ ದುಪ್ಪಟಿ ಕೊಡವುತ್ತಿದ್ದರು. ಇದ್ದೀನಿ ಕಣೇ, ಅನ್ನುತ್ತಿತ್ತು ಗಂಟೆ. ನಾನೂ ಇದ್ದೀನಕ್ಕ, ಅನ್ನುತ್ತಿತ್ತು ದುಪ್ಪಟಿ. ಒಡಹುಟ್ಟಿದವರ ನಡುವೆ ಉಳಿದಿದ್ದ ಮಾತು ಅಷ್ಟೇ. ಗಂಟೆಯಕ್ಕ ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುತ್ತಿದ್ದದ್ದೂ ಅದಕ್ಕಾಗಿಯೇ.

ಇಷ್ಟರಲ್ಲಿ ಗಂಡಸರು ವಾಪಸ್ಸು ಬಂದರು, ಬಂದಷ್ಟು ಜನ. ಯಾರ ಸೀಟು ಅವರಿಗೇ ಎಂದು ಆರ್ಡರಾಯಿತು. ಗಂಟೆಯಕ್ಕನ ಸೀಟಿನ ಹಳೆಯ ಯಜಮಾನ ಬಲಗಾಲನ್ನು ಎಲ್ಲೋ ಒಂದು ಗುಡ್ಡದಲ್ಲಿ ಬಿಟ್ಟು, ಮರದ ಕಾಲು ಕಟ್ಟಿಸಿಕೊಂಡು ಬಂದಿದ್ದ. ಎಲ್ಲರೂ ಅವನನ್ನು ಮರಗಾಲಣ್ಣ ಅನ್ನುತ್ತಿದ್ದರು. ಕರೆದರೆ ಓ ಅನ್ನುತ್ತಿದ್ದ.

"ಬೇಜಾರು ಮಾಡ್ಕೋಬೇಡಿ ಅಕ್ಕ," ಅಂದ. "ಕಾಲಂತೂ ಯಾರೂ ವಾಪಸ್ ಕೊಡೋಲ್ಲ. ಸೀಟಾದ್ರೂ ಕೊಟ್ಟಿದ್ದಾರೆ."

ಅವಳಿಗೆ ಡಿಪೋದಲ್ಲಿ ಗಾಡಿ ತೊಳೆಯುವ ಕೆಲಸ ಸಿಕ್ಕಿತು. ಸೀಟು ಹೋದದ್ದಕ್ಕೆ ಅವಳು ಅಳಲಿಲ್ಲ. ನಾಳೆ ಗಂಟೆ ಕೇಳದಿದ್ದರೆ ತಂಗಿ ಏನೆಂದುಕೊಳ್ಳುತ್ತಾಳೆ ಅನ್ನುವುದೊಂದೇ ಎದೆಯಲ್ಲಿ ಮುಳ್ಳಾಗಿ ಚುಚ್ಚಿತು.

"ಅಣ್ಣ, ಒಂದು ಉಪಕಾರ. ಬೇಲಿ ಹತ್ರ ನನ್ನ ಗಂಟೆ ಹೊಡೀತೀಯಾ?"

ಮರಗಾಲಣ್ಣ ಮುಖ ಕಿವುಚಿದ. "ಇನ್ನೊಬ್ಬರ ಗಂಟೆ ಯಾವಾಗ ಹೊಡೀತಾರೆ ಅಂತ ನಿಮಗೆ ಗೊತ್ತಿಲ್ವಾ ಅಕ್ಕ?"

ಗೊತ್ತಿಲ್ಲದೆ ಏನು! ಟ್ರಾಮ್ ಓಡಿಸುವವರು ಯಾರಾದರೂ ತೀರಿಕೊಂಡರೆ, ಜೊತೆಯವರು ಅವರ ತುಳಿತವನ್ನೇ ಒಂದು ಸಲ ಬೀದಿಗೆಲ್ಲ ಕೇಳಿಸಿ ಕಳಿಸಿಕೊಡುವುದು ಆ ಕಸುಬಿನ ಪದ್ಧತಿ. ಅಪ್ಪ ತೀರಿಹೋದ ದಿನ ಜೊತೆಗಾರ ಕುಂಟುಮಾಮ ಅಪ್ಪನ ಗಂಟೆ ಹೊಡೆದದ್ದನ್ನು ಅಕ್ಕತಂಗಿ ಒಂದೇ ಶಾಲಿನೊಳಗೆ ನಿಂತು ಕೇಳಿದ್ದರು.

"ಅವೆಲ್ಲ ಹಳೇ ಕಾಲದ್ದು ಕಣಣ್ಣ. ನನ್ನ ಹಾಗೇ ತುಳಿದ್ರೆ, ತುಳಿದದ್ದು ನಾನಲ್ಲ ಅಂತ ಆಚೆ ಇರೋ ನನ್ನ ತಂಗಿಗೆಲ್ಲಿ ತಿಳಿಯುತ್ತೆ?" ಅಂದಳು. ಆಸೆಗೆ ಕಿವಿ ಮಂದ.

ತೊಳೆದು ನಿಲ್ಲಿಸಿದ ಗಾಡಿಯಲ್ಲಿ ಕೂರಿಸಿ ಕಲಿಸಿದಳು. "ಗಿಡ್ಡ, ಗಿಡ್ಡ, ಉದ್ದ... ಅಯ್ಯೋ ಅಷ್ಟುದ್ದ ಅಲ್ಲ ಮಾರಾಯ, ಅದೇನು ರಬ್ಬರಾ?" ಮರದ ಕಾಲು ಪಾಠ ಒಪ್ಪಿಸಿತು, ಒಂದು ತಪ್ಪೂ ಇಲ್ಲದೆ.

ಮಾರನೆಯ ದಿನ ಬೇಲಿಯವರೆಗೆ ಹೋಗಿ ಡಿಪೋಗೆ ವಾಪಸ್ಸು ಬಂದವನು ಗಾಡಿಯಿಂದ ಇಳಿಯಲೇ ಇಲ್ಲ.

"ಹೊಡೆದ್ಯಾ?"

"ಹೊಡೆದೆ."

"ಕಿಟಕಿ ತೆಗೀತಾ?"

"ತೆಗೀತು."

"ಮತ್ತೆ ಯಾಕೆ ಮುಖ ಹಂಗೆ ಮಾಡ್ಕೊಂಡಿದ್ದೀಯಾ?"

"ಬಿಳೀದು ಬರ್ಲಿಲ್ಲ ಅಕ್ಕ. ಕಪ್ಪು ಬಟ್ಟೆ ಇಳಿಬಿಟ್ಟು ಕಿಟಕಿ ಮುಚ್ಕೊಂಡ್ರು."

ಗಂಟೆಯಕ್ಕನ ಕೈಯಿಂದ ಬಕೀಟು ಜಾರಿತು. ಟ್ರಾಮಿನವನ ಮಗಳ ಕಿವಿಗೆ ಅಕ್ಕನ ಹಿಮ್ಮಡಿ ಯಾವುದು, ಮರದ ತುಂಡು ಯಾವುದು ಎಂದು ತಿಳಿಯುವುದಿಲ್ಲವೇ? ಅಕ್ಕನ ಗಂಟೆಯನ್ನು ಬೇರೊಬ್ಬರು ತುಳಿದರು ಎಂದರೆ ತಂಗಿಯ ಪಾಲಿಗೆ ಅರ್ಥ ಒಂದೇ. ಬದುಕಿದ್ದೇನೆ ಎಂದು ಹೇಳಿ ಕಳಿಸಲು ಹೋಗಿ, ತನ್ನ ಸಾವಿನ ಸುದ್ದಿಯನ್ನು ತಾನೇ ಕಳಿಸಿದ್ದಳು.

ಮರಗಾಲಣ್ಣ ಮರದ ಕಾಲಿನ ಪಟ್ಟಿ ಬಿಗಿಮಾಡಿದ. "ನಾಳೆ ಗಾಡಿ ಹತ್ತಿ ಅಕ್ಕ. ಸಂತೆಬೀದೀಲಿ ಇಳೀಬೇಡಿ," ಅಂದ.

"ನಿನ್ನ ಕೆಲಸ ಹೋಗುತ್ತೆ ಕಣೋ."

"ಹೋದ್ರೆ ಹೋಗ್ಲಿ. ಕಾಲೇ ಹೋಗಿದೆ, ಕೆಲಸ ಯಾವ ಲೆಕ್ಕ."

ಮರುದಿನ ಬೇಲಿಯ ಕಾವಲಿನವನು ಗಾಡಿ ತಡೆದು ಒಳಗೆ ಇಣುಕಿದ. "ಇವರ್ಯಾರು?"

"ಗಂಟೆ ರಿಪೇರಿಯವರು."

"ಏನಾಗಿದೆ ಗಂಟೆಗೆ?"

"ಯುದ್ಧ ನೋಡಿದ ಗಂಟೆ ಸ್ವಾಮಿ. ನೆಟ್ಟಗಿರೋದಾದ್ರೂ ಏನು ಉಳಿದಿದೆ ಹೇಳಿ?"

ಕಾವಲಿನವನು ಮರದ ಕಾಲು ನೋಡಿದ, ಸರಿದು ನಿಂತ. ಗಂಟೆಯಕ್ಕ ಸೀಟಿಗೆ ಬಂದು ತುಳಿದಳು. ಕಪ್ಪು ಬಟ್ಟೆ ಅಲುಗಲಿಲ್ಲ. ಮತ್ತೆ ತುಳಿದಳು. ಇಲ್ಲ.

"ಸತ್ತ ಅಕ್ಕ ಗಂಟೆ ಹೊಡೀತಾಳೆ ಅಂದ್ರೆ ಯಾರಾದ್ರೂ ಒಂದೇ ದಿನಕ್ಕೆ ನಂಬ್ತಾರಾ?" ಅಂದ ಮರಗಾಲಣ್ಣ. "ನಾಳೆ ಬರೋಣ."

ಬಂದರು. ಅದರ ಮರುದಿನವೂ ಬಂದರು. ಕಾವಲಿನವನು ಈಗೀಗ "ಇನ್ನೂ ಸರಿಹೋಗಿಲ್ವಾ ರಿಪೇರಿ?" ಎಂದು ತಾನೇ ಕೇಳತೊಡಗಿದ್ದ.

ಮೋಡ ಕವಿದ ಒಂದು ಮಧ್ಯಾಹ್ನ, ಅರ್ಧಕ್ಕೇ ನಿಲ್ಲುವ ಆ ಕೊನೆಯ ಗಂಟೆ ಮುಗಿಯುವ ಮೊದಲೇ ಕಪ್ಪು ಬಟ್ಟೆ ಕಿತ್ತು ಬಂತು. ದುಪ್ಪಟಿ ಬರಲಿಲ್ಲ. ದುಪ್ಪಟಿ ಹುಡುಕಲು ಅವಳಿಗೆ ಪುರಸೊತ್ತೆಲ್ಲಿ! ತಂಗಿಯೇ ಸೊಂಟದವರೆಗೆ ಕಿಟಕಿಯಿಂದ ಹೊರಬಾಗಿ, ಎರಡೂ ಕೈ ಚಾಚಿ ನಿಂತಿದ್ದಳು. ಬಾಯಿ ತೆರೆದಿತ್ತು, ಆದರೆ ಕೂಗು ಬಯಲು ದಾಟಿ ಇಲ್ಲಿಯವರೆಗೆ ಬರಲಿಲ್ಲ.

ಗಂಟೆಯಕ್ಕ ಗಾಜಿಗೆ ಹಣೆ ಹಚ್ಚಿ ನೋಡಿದಳು. ತಂಗಿ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದಳೋ, ಕೂದಲೇ ಅಷ್ಟು ಬೆಳ್ಳಗಾಗಿತ್ತೋ, ಅಷ್ಟು ದೂರಕ್ಕೆ ತಿಳಿಯಲಿಲ್ಲ.